ಸಂದೇಹ ಬರುವ ಮುನ್ನ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಗಡಿನಾಡಿನ ಮನೆಗಳಲ್ಲಿ ಹೊಸ ಲೆಕ್ಕಾಚಾರವೊಂದು ಆರಂಭವಾಗುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಇನ್ನು ಮುಂದೆ ಮರಾಠಿಯಲ್ಲಿ ಓದಬೇಕೇ, ಇಂಗ್ಲಿಷಿನಲ್ಲಿ ಓದಬೇಕೇ? ಸೊಲ್ಲಾಪುರವೇ ಸಾಕೇ, ಪುಣೆಗೆ ಕಳುಹಿಸಬೇಕೇ? ವಸತಿನಿಲಯವೇ, ಬಂಧುಗಳ ಮನೆಯೇ? ಇಂಥ ವಿಷಯಗಳನ್ನು ಈ ಅಂಕಣದಲ್ಲಿ ಆಗಾಗ ಚರ್ಚಿಸುತ್ತ ಬಂದಿದ್ದೇನೆ. ಈ ಸಲ ಅಕ್ಕಲಕೋಟ ತಾಲ್ಲೂಕಿನ ಓದುಗರೊಬ್ಬರು ಬೇರೊಂದು ಬಗೆಯ ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅವರು ಕ್ರೈಸ್ತರು. ಮಗಳು ಪುಣೆಯ ಕಾಲೇಜಿಗೆ ಸೇರುವವಳಿದ್ದಾಳೆ. ಅಲ್ಲಿ ಅವಳ ದೇವರನ್ನೂ ಅವಳ ಗ್ರಂಥವನ್ನೂ ಪ್ರಶ್ನಿಸುವವರು ಸಿಕ್ಕೇ ಸಿಗುತ್ತಾರೆ; ಅವಳ ಮನಸ್ಸು ಅಲುಗದಂತೆ ಈಗಲೇ ಏನು ಮಾಡಬೇಕು ಎಂದು ಅವರು ಕೇಳಿದ್ದಾರೆ.

ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರು ಅನ್ಯಧರ್ಮೀಯರು ಎಂಬುದನ್ನು ಬಲ್ಲೆ. ಆದರೆ ಮನೆಯಲ್ಲಿ ಕಲಿತದ್ದನ್ನು ಹೊರಗಿನ ಗಾಳಿಗೆ ಒಡ್ಡಬೇಕಾದ ಸಂಕಟ ಯಾವ ಧರ್ಮದ ತಂದೆತಾಯಿಯರಿಗೂ ಹೊಸದಲ್ಲ. ನನಗೆ ತಿಳಿದಿರುವುದು ಕ್ರೈಸ್ತ ಮನೆಯ ಸಂಕಟ. ಆದುದರಿಂದ ಅದನ್ನೇ ಕುರಿತು ಬರೆಯುತ್ತೇನೆ. ಉಳಿದವರು ತಮಗೆ ಸಲ್ಲುವಷ್ಟನ್ನು ತೆಗೆದುಕೊಳ್ಳಬಹುದು.

ಮೊದಲಿಗೆ ಪ್ರಶ್ನೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಮಗಳ ಮನಸ್ಸು ಅಲುಗದಂತೆ ಮಾಡುವುದು ಯಾವ ತಂದೆಗೂ ಸಾಧ್ಯವಿಲ್ಲ. ಸಂದೇಹವು ಕೇಳಿ ಬರುವ ಅತಿಥಿಯಲ್ಲ. ಅದು ತರಗತಿಯಲ್ಲಿ ಬರಬಹುದು, ಆಸ್ಪತ್ರೆಯ ಹಜಾರದಲ್ಲಿ ಬರಬಹುದು, ಪ್ರಾರ್ಥನೆಯ ನಡುವೆಯೇ ಬರಬಹುದು. ಬಂದಾಗ ಏನು ಮಾಡಬೇಕೆಂಬುದನ್ನು ಮಾತ್ರ ಮುಂಚಿತವಾಗಿ ಕಲಿಸಬಹುದು. ಸಿದ್ಧತೆಯೆಂದರೆ ಇಷ್ಟೇ.

ಈ ವಿಷಯದಲ್ಲಿ ನನ್ನ ವೃತ್ತಿಯ ಒಂದು ಪಾಠವು ಉಪಯೋಗಕ್ಕೆ ಬರುತ್ತದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ಮೂರನೆಯ ಪ್ರಕರಣವು ಸಂಗತಿಗಳನ್ನು ಎರಡು ಬಗೆಯಾಗಿ ಅಲ್ಲ, ಮೂರು ಬಗೆಯಾಗಿ ವಿಂಗಡಿಸಿತ್ತು. ಒಂದು, ರುಜುವಾತಾದದ್ದು. ಎರಡು, ಸುಳ್ಳೆಂದು ರುಜುವಾತಾದದ್ದು. ಮೂರು, ರುಜುವಾತಾಗದೆ ಉಳಿದದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಎರಡನೆಯ ಪ್ರಕರಣದಲ್ಲಿಯೂ ಈ ಮೂರು ವ್ಯಾಖ್ಯೆಗಳು ಹಾಗೆಯೇ ಉಳಿದಿವೆ. ರುಜುವಾತಾಯಿತೆನ್ನಲು ಸಂಪೂರ್ಣ ನಿಶ್ಚಯವನ್ನು ಕಾನೂನು ಕೇಳುವುದಿಲ್ಲ. ಎದುರಿಗಿರುವ ಸಂಗತಿಗಳನ್ನು ಪರಿಶೀಲಿಸಿದ ವಿವೇಕಿಯೊಬ್ಬನು ಆ ವಿಷಯವು ನಿಜವೆಂದು ಭಾವಿಸಿ ನಡೆದುಕೊಳ್ಳುವಷ್ಟು ಸಂಭಾವ್ಯತೆ ಇದ್ದರೆ ಸಾಕು ಎನ್ನುತ್ತದೆ.

ಹದಿನಾರು ವರ್ಷದ ಮನಸ್ಸು ಸಾಮಾನ್ಯವಾಗಿ ತಪ್ಪುವುದು ಈ ಎರಡನೆಯ ಮತ್ತು ಮೂರನೆಯ ಬಗೆಗಳ ನಡುವೆ. ಗೆಳತಿಯೊಬ್ಬಳು ಪ್ರಶ್ನೆ ಕೇಳುತ್ತಾಳೆ, ಉತ್ತರ ತಿಳಿಯುವುದಿಲ್ಲ, ಉತ್ತರ ತಿಳಿಯದ್ದರಿಂದ ತನ್ನ ವಿಶ್ವಾಸವೇ ಸುಳ್ಳೆಂದು ರುಜುವಾತಾಯಿತು ಎಂದು ಮಗು ತೀರ್ಮಾನಿಸಿಬಿಡುತ್ತದೆ. ನಡೆದಿರುವುದಾದರೂ ಏನು? ಒಂದು ಪ್ರಶ್ನೆಗೆ ಆ ದಿನ ಉತ್ತರ ದೊರೆಯಲಿಲ್ಲ, ಅಷ್ಟೇ. ಹಿರಿಯರು ತಪ್ಪುವುದು ಇನ್ನೊಂದು ಕಡೆ. ಮಗು ಪ್ರಶ್ನೆ ಕೇಳಿದೊಡನೆ ಅದು ಧರ್ಮವನ್ನು ತೊರೆದಂತೆಯೇ ಎಂದು ಅವರು ಹೆದರುತ್ತಾರೆ, ಗದರುತ್ತಾರೆ. ಪ್ರಶ್ನೆಯೇ ಬೇರೆ, ಸಂದೇಹವೇ ಬೇರೆ, ಅವಿಶ್ವಾಸವೇ ಬೇರೆ. ಪ್ರಶ್ನೆ ಕೇಳುವವನು ತಿಳಿಯಬಯಸುತ್ತಾನೆ. ಸಂದೇಹಿಯು ಎರಡು ದಾರಿಗಳ ನಡುವೆ ನಿಂತಿದ್ದಾನೆ. ಅವಿಶ್ವಾಸಿಯು ಒಂದು ದಾರಿಯನ್ನು ಆಯ್ದುಕೊಂಡಾಗಿದೆ. ಮೊದಲಿನ ಇಬ್ಬರನ್ನು ಮೂರನೆಯವನಂತೆ ನಡೆಸಿಕೊಂಡರೆ ಅವರನ್ನು ನಾವೇ ಆ ದಾರಿಗೆ ನೂಕಿದಂತಾಗುತ್ತದೆ.

ಆದರೆ ಸಾಕ್ಷ್ಯವಿಚಾರಣೆಯ ಕ್ರಮವೊಂದೇ ವಿಶ್ವಾಸವನ್ನು ಕಾಯುತ್ತದೆಂದು ನಾನು ಹೇಳಲಾರೆ. 1872ರ ಆ ಅಧಿನಿಯಮವನ್ನು ರಚಿಸಿದವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಭಕ್ತಿಯುಳ್ಳ ಕ್ರೈಸ್ತ ಮನೆತನದಲ್ಲಿ ಬೆಳೆದ ಅವರು ಬದುಕಿನ ಉತ್ತರಾರ್ಧದಲ್ಲಿ ಕ್ರೈಸ್ತ ವಿಶ್ವಾಸದಿಂದ ದೂರ ಸರಿದರು. ಅವರ ತಮ್ಮ ಲೆಸ್ಲಿ ಸ್ಟೀಫನ್ ಗುರುದೀಕ್ಷೆಯನ್ನು ಪಡೆದಿದ್ದೂ ಅದನ್ನು ತ್ಯಜಿಸಿದರು. ಇಬ್ಬರೂ ಪ್ರಾಮಾಣಿಕರು, ಮೇಧಾವಿಗಳು. ಆದುದರಿಂದ ಸಂದೇಹಪಟ್ಟವರೆಲ್ಲರೂ ದಡ್ಡರೆಂದಾಗಲಿ ದುರಾಚಾರಿಗಳೆಂದಾಗಲಿ ಮಕ್ಕಳಿಗೆ ಹೇಳಕೂಡದು. ಕಾಲೇಜಿನಲ್ಲಿ ಒಬ್ಬ ಸಜ್ಜನ ನಾಸ್ತಿಕನ ಪರಿಚಯವಾದ ದಿನವೇ ಆ ಮಾತು ಬಿದ್ದುಹೋಗುತ್ತದೆ. ಅದರ ಜೊತೆಗೆ ನಾವು ಹೇಳಿದ ಉಳಿದ ಮಾತುಗಳ ಬೆಲೆಯೂ ಹೋಗುತ್ತದೆ.

ಸತ್ಯವೇದವು ಸಂದೇಹಿಗಳನ್ನು ಹೇಗೆ ಕಾಣುತ್ತದೆ ಎಂಬುದನ್ನು ನಮ್ಮ ಮನೆಗಳಲ್ಲಿ ಸಾಕಷ್ಟು ಓದುವುದಿಲ್ಲ. ತೋಮನ ಹೆಸರನ್ನು ನಾವು ಬೈಗುಳದಂತೆ ಬಳಸುತ್ತೇವೆ. ಆದರೆ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯವನ್ನು ಗಮನವಿಟ್ಟು ಓದಿರಿ. ಜೊತೆಯ ಶಿಷ್ಯರ ಸಾಕ್ಷಿಯನ್ನು ತೋಮನು ಒಪ್ಪಲಿಲ್ಲ. ಕಂಡು ಮುಟ್ಟಿದಲ್ಲದೆ ನಂಬುವುದಿಲ್ಲವೆಂದನು. ಎಂಟು ದಿನಗಳ ನಂತರ ಶಿಷ್ಯರು ಮತ್ತೆ ಕೂಡಿದಾಗ ತೋಮನೂ ಅವರ ಸಂಗಡ ಇದ್ದನು ಎಂದು ಅದೇ ಅಧ್ಯಾಯ ತಿಳಿಸುತ್ತದೆ. ಆ ಎಂಟು ದಿನ ಅವನು ಅವರನ್ನು ಬಿಟ್ಟುಹೋಗಲಿಲ್ಲ. ಅವರೂ ಅವನನ್ನು ಹೊರಗಟ್ಟಲಿಲ್ಲ. ಕಾಣದೆ ನಂಬಿದವರೇ ಧನ್ಯರೆಂದು ಯೇಸುಸ್ವಾಮಿ ಅವನಿಗೆ ತಿಳಿಹೇಳಿದ್ದು ನಿಜ. ಆದರೆ ಅದಕ್ಕೂ ಮೊದಲು, ಅವನು ಕೇಳಿದ್ದನ್ನೇ ಅವನ ಮುಂದೆ ಚಾಚಿದರು.

ಸ್ನಾನಿಕನಾದ ಯೋಹಾನನದು ಇನ್ನೂ ದೊಡ್ಡ ಉದಾಹರಣೆ. ಯೇಸುವನ್ನು ಜನರಿಗೆ ತೋರಿಸಿಕೊಟ್ಟವನೇ ಅವನು. ಸೆರೆಮನೆಗೆ ಬಿದ್ದ ಮೇಲೆ ಅವನೇ ಶಿಷ್ಯರನ್ನು ಕಳುಹಿಸಿ, ಬರಬೇಕಾದವನು ನೀನೋ, ನಾವು ಇನ್ನೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿಸಿದನು. ಯೇಸು ಸಿಟ್ಟಾಗಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ತಿಳಿಸಿರೆಂದರು. ಅಂದರೆ ಸಾಕ್ಷ್ಯದ ಕಡೆಗೆ ಬೊಟ್ಟುಮಾಡಿದರು. ಬಂದವರು ಮರಳಿದ ಮೇಲೆ ಜನರ ಮುಂದೆ ಯೋಹಾನನನ್ನು ಕೊಂಡಾಡಿದರು. ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಿಷ್ಠ ಮಗನ ತಂದೆಯೊಬ್ಬನು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡನು. ಅವನ ಮಗನು ಗುಣಹೊಂದಿದನು. 88ನೆಯ ಕೀರ್ತನೆಯು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಪ್ರಾರ್ಥನೆಯ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಸಂದೇಹಪಡುವವರಿಗೆ ಕನಿಕರ ತೋರಿಸಬೇಕೆಂದು ಯೂದನ ಪತ್ರಿಕೆ ಬೋಧಿಸುತ್ತದೆ.

ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಯಾಕೋಬನ ಪತ್ರಿಕೆಯು ಸಂದೇಹಿಯನ್ನು ಗಾಳಿಗೆ ಸಿಕ್ಕ ಸಮುದ್ರದ ತೆರೆಗೆ ಹೋಲಿಸುತ್ತದೆ. ತೆರೆಯ ದೋಷವೆಂದರೆ ಅದಕ್ಕೆ ದಡ ಸೇರುವ ಉದ್ದೇಶವಿಲ್ಲದಿರುವುದು. ವಿಚಾರಣೆ ಮುಗಿಯಲೇಬಾರದೆಂದು ತಾರೀಖಿನ ಮೇಲೆ ತಾರೀಖು ಕೇಳುವ ಕಕ್ಷಿದಾರರನ್ನು ನಾವು ನ್ಯಾಯಾಲಯಗಳಲ್ಲಿ ದಿನವೂ ಕಾಣುತ್ತೇವೆ. ಅವರಿಗೆ ತೀರ್ಪು ಬೇಕಾಗಿಲ್ಲ. ಸಂದೇಹವನ್ನೇ ಶಾಶ್ವತ ಮನೆಯನ್ನಾಗಿ ಮಾಡಿಕೊಂಡವನ ಸ್ಥಿತಿಯೂ ಅಂಥದೇ.

ಸಂದೇಹವು ಪ್ರಾಮಾಣಿಕವಾಗಿ ದಡ ಸೇರಿದ ಒಂದು ಬಾಳಿನ ಕಥೆ ನಮ್ಮ ರೈಲುಮಾರ್ಗದ ಪಕ್ಕದಲ್ಲಿಯೇ ಇದೆ. ಸೊಲ್ಲಾಪುರದಿಂದ ಪುಣೆಗೆ ಹೋಗುವಾಗ ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ನಿಲ್ದಾಣ ಬರುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನವಿರುವುದು ಅಲ್ಲಿಯೇ. ಕನ್ನಡಿಗರಾದ ನಮಗೆ ಅವರು ಹೊರಗಿನವರಲ್ಲ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಸಮೀಪದ ಮಾಳ. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮುಂದೆ ಅವರ ಮಗಳು ಮನೋರಮೆಯ ಶ್ರಮದಿಂದ ಗುಲಬರ್ಗಾದಲ್ಲಿಯೂ ಒಂದು ಶಾಲೆ ನಡೆಯಿತು.

ತಂದೆತಾಯಿಯರನ್ನೂ ಅಕ್ಕನನ್ನೂ ಬರಗಾಲದ ಹಸಿವಿನಲ್ಲಿ ಕಳೆದುಕೊಂಡು, ಅಣ್ಣನೊಡನೆ ದೇಶವೆಲ್ಲ ಅಲೆದು, 1878ರಲ್ಲಿ ಕಲ್ಕತ್ತೆಗೆ ಬಂದ ರಮಾಬಾಯಿಯವರ ಸಂಸ್ಕೃತ ವಿದ್ವತ್ತಿಗೆ ಅಲ್ಲಿಯ ಪಂಡಿತರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಎರಡು ವರ್ಷಗಳಲ್ಲಿ ಅಣ್ಣನು ತೀರಿಕೊಂಡನು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಪತಿಯೂ ತೀರಿಕೊಂಡರು. ಎಳೆಯ ಮಗಳನ್ನು ಕಟ್ಟಿಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜಿನ ಸಂನ್ಯಾಸಿನಿಯರ ಮಠದಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಅವರ ಕಠಿಣವಾದ ಪ್ರಶ್ನೆಗಳು ಆರಂಭವಾದದ್ದು ದೀಕ್ಷಾಸ್ನಾನದ ನಂತರವೇ. ತ್ರಿಯೇಕ ದೇವರೆಂಬ ತತ್ತ್ವ, ಕ್ರಿಸ್ತನ ದೈವತ್ವ, ಸಭೆಯ ಅಧಿಕಾರ, ವಿಶ್ವಾಸಪ್ರಮಾಣಗಳ ಭಾಷೆ, ಎಲ್ಲವನ್ನೂ ಅವರು ಪ್ರಶ್ನಿಸಿದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕೆ, ಸಂಸ್ಕೃತ ಏಕಿರಬಾರದು ಎಂದೂ ಕೇಳಿದರು. ಅವರ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡೀನ್ ಇದನ್ನು ಅಹಂಕಾರವೆಂದು ಕಂಡು ನೊಂದರು. ಬಹಳ ಕಷ್ಟದಿಂದ ಒಂದು ಪುರೋಹಿತವರ್ಗದ ನೊಗವನ್ನು ಕಳಚಿಕೊಂಡು ಬಂದವಳು ಮತ್ತೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂಬ ಅರ್ಥದಲ್ಲಿ ರಮಾಬಾಯಿ ಅವರಿಗೆ ಉತ್ತರ ಬರೆದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನ ಪ್ರಾಂಶುಪಾಲೆ ಡೊರೊಥಿಯಾ ಬೀಲ್ ಅವರ ರೀತಿ ಬೇರೆಯಾಗಿತ್ತು. ಇಂಥ ಬುದ್ಧಿಗೆ ವಿಚಾರಮಾಡುವ ಸ್ವಾತಂತ್ರ್ಯವಿರಬೇಕೆಂದು ಅವರು ಭಾವಿಸಿದರು. ಪತ್ರಕ್ಕೆ ಪತ್ರ ಬರೆದು, ವಾದಕ್ಕೆ ವಾದವನ್ನಿಟ್ಟು ತಾಳ್ಮೆಯಿಂದ ಚರ್ಚಿಸಿದರು. ಈ ಪತ್ರವ್ಯವಹಾರವನ್ನು 1977ರಲ್ಲಿ ಮಹಾರಾಷ್ಟ್ರದ ಸಾಹಿತ್ಯ ಸಂಸ್ಕೃತಿ ಮಂಡಳಿಯು ಪ್ರಕಟಿಸಿದೆ. ಮಕ್ಕಳನ್ನು ಬೆಳೆಸುವವರು ಓದಬೇಕಾದ ಪುಸ್ತಕವದು.

ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ತಾವು ಈವರೆಗೆ ಕಂಡುಕೊಂಡದ್ದು ಕ್ರೈಸ್ತಧರ್ಮವನ್ನೇ ಹೊರತು ಕ್ರಿಸ್ತನನ್ನಲ್ಲ ಎಂಬ ಅರಿವು ಅವರಿಗಾಯಿತು. 1907ರಲ್ಲಿ ಬರೆದ ಆತ್ಮಸಾಕ್ಷಿಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅಲ್ಲಿಂದ ಮುಂದಿನ ಬಾಳು ನಮಗೆ ಗೊತ್ತಿರುವುದೇ. 1896-97ರ ಬರಗಾಲದಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳಿಗೆ ಕೇಡಗಾಂವದಲ್ಲಿ ಆಶ್ರಯ ದೊರೆಯಿತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಇಡೀ ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1922ರ ಏಪ್ರಿಲಿನಲ್ಲಿ ತೀರಿಕೊಂಡರು. ಪೂರ್ಣ ಗ್ರಂಥವು 1924ರಲ್ಲಿ ಹೊರಬಂದಿತು. ಪ್ರಶ್ನೆ ಕೇಳಿದ ಹೆಣ್ಣುಮಗಳೇ ಮೂಲಭಾಷೆಗಳಿಗೆ ಹೋಗಿ ಓದುವಷ್ಟು ಶ್ರಮಪಟ್ಟಳು ಎಂಬುದನ್ನು ನಾವು ಗಮನಿಸಬೇಕು. ಪ್ರಶ್ನೆಯನ್ನು ಅರ್ಧದಾರಿಯಲ್ಲಿ ಬಿಡದಿರುವುದೇ ಅವರ ವೈಶಿಷ್ಟ್ಯ.

ಸಿದ್ಧತೆಯ ವಿಷಯಕ್ಕೆ ಬರೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮ್ಯಾಕ್‌ಗ್ವಾಯರ್ 1960ರ ದಶಕದ ಆರಂಭದಲ್ಲಿ ಕೆಲವು ಪ್ರಯೋಗಗಳನ್ನು ನಡೆಸಿದರು. ಊಟವಾದ ಮೇಲೆಲ್ಲ ಹಲ್ಲುಜ್ಜುವುದು ಒಳ್ಳೆಯದೆಂಬಂಥ, ಯಾರೂ ಪ್ರಶ್ನಿಸದ ನಂಬಿಕೆಗಳನ್ನು ಅವರು ಆರಿಸಿಕೊಂಡರು. ಆ ನಂಬಿಕೆಗೆ ಅನುಕೂಲವಾದ ವಾದಗಳನ್ನು ಮಾತ್ರ ಕೇಳಿದ್ದವರು, ಮುಂದೆ ಪ್ರಬಲವಾದ ಆಕ್ಷೇಪ ಬಂದಾಗ ಬೇಗನೆ ಕುಸಿದರು. ಮೊದಲೇ ಕೆಲವು ಆಕ್ಷೇಪಗಳನ್ನು ಅವುಗಳ ಸಮಾಧಾನಗಳೊಡನೆ ಕೇಳಿದ್ದವರು ಹೆಚ್ಚು ದೃಢವಾಗಿ ನಿಂತರು. ದೇವಿ ಹಾಕಿಸುವುದರ ತತ್ತ್ವವೇ ಇದು. ನಮ್ಮ ಸಂಡೆ ಸ್ಕೂಲುಗಳಲ್ಲಿ ಹತ್ತು ವರ್ಷ ಅನುಕೂಲವಾದುದನ್ನಷ್ಟೇ ಕಲಿಸಿ ಮಗುವನ್ನು ಕಳುಹಿಸಿದರೆ, ದೇವಿ ಹಾಕಿಸದೆ ಸಾಂಕ್ರಾಮಿಕದ ಊರಿಗೆ ಕಳುಹಿಸಿದಂತೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಉಪಾಯವು ನಂಬಿಕೆಯನ್ನು ಗಟ್ಟಿಮಾಡಬಲ್ಲದು, ನಿಜಮಾಡಲಾರದು. ಸುಳ್ಳು ನಂಬಿಕೆಗೂ ಹೀಗೆಯೇ ಕವಚ ತೊಡಿಸಬಹುದು. ಆದುದರಿಂದ ಮಕ್ಕಳಿಗೆ ಆಕ್ಷೇಪಗಳನ್ನು ತಿಳಿಸುವಾಗ ದುರ್ಬಲವಾದವುಗಳನ್ನೇ ಆರಿಸಿ ಗೆದ್ದೆವೆಂದು ಬೀಗುವುದು ವಂಚನೆಯಾಗುತ್ತದೆ. ಎದುರು ಪಕ್ಷದ ಕೈಫಿಯತ್ತನ್ನು ಪೂರ್ತಿಯಾಗಿ ಓದಿಸಬೇಕು.

ಒಂದು ಉದಾಹರಣೆ. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ನಾಲ್ಕನೆಯ ಶತಮಾನದ ಅತಿ ಪ್ರಾಚೀನ ಎರಡು ಹಸ್ತಪ್ರತಿಗಳಲ್ಲಿ, ಅಂದರೆ ಸೀನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಇಲ್ಲ. ವಿದ್ವಾಂಸರಿಗೆ ಇದು ಹೊಸ ಸುದ್ದಿಯಲ್ಲ; ಅನೇಕ ಮುದ್ರಣಗಳಲ್ಲಿ ಈ ಕುರಿತು ಟಿಪ್ಪಣಿಯೂ ಇರುತ್ತದೆ. ಆದರೂ ಇದನ್ನು ಯಾವ ಮಗುವಿಗೂ ನಾವು ಹೇಳುವುದಿಲ್ಲ. ಕಾಲೇಜಿನಲ್ಲಿ ಯಾರೋ ನಗುತ್ತ ಇದನ್ನು ಹೇಳಿದಾಗ ಮಗುವಿಗೆ ಆಘಾತವಾಗುವುದು ಆ 12 ವಚನಗಳಿಂದಲ್ಲ. ಮನೆಯವರು ತನ್ನಿಂದ ಮುಚ್ಚಿಟ್ಟರೆಂಬ ಭಾವನೆಯಿಂದ. ಅದೇ ಸಂಗತಿಯನ್ನು ತಾಯಿಯ ಬಾಯಿಂದ, ಊಟದ ಹೊತ್ತಿನಲ್ಲಿ, ಶಾಂತವಾಗಿ ಕೇಳಿದ ಮಗುವಿಗೆ ಅದೊಂದು ತಿಳಿವಳಿಕೆಯಾಗುತ್ತದೆ, ಅಷ್ಟೇ.

ಸುವಾರ್ತೆಗಳ ನಡುವಿನ ವ್ಯತ್ಯಾಸಗಳೂ ಹೀಗೆಯೇ. ಸಮಾಧಿಯ ಬಳಿ ಮತ್ತಾಯನು ಒಬ್ಬ ದೂತನನ್ನು ಹೇಳಿದರೆ ಲೂಕನು ಇಬ್ಬರನ್ನು ಹೇಳುತ್ತಾನೆ. ಮಾರ್ಕನು ಮೂವರು ಸ್ತ್ರೀಯರನ್ನು ಹೆಸರಿಸಿದರೆ ಯೋಹಾನನು ಮಗ್ದಲದ ಮರಿಯಳೊಬ್ಬಳನ್ನೇ ಹೆಸರಿಸುತ್ತಾನೆ. ಆದರೆ ಅವಳ ಬಾಯಲ್ಲಿ ಬರುವ ಮಾತು ಬಹುವಚನದಲ್ಲಿದೆ ಎಂಬುದನ್ನು ಗಮನಿಸಬೇಕು. ಸಣ್ಣಪುಟ್ಟ ವ್ಯತ್ಯಾಸಗಳ ಕಾರಣದಿಂದಲೇ ಸಾಕ್ಷಿಯ ಮೂಲಹೇಳಿಕೆಯನ್ನು ತಳ್ಳಿಹಾಕಕೂಡದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1983ರ ಭರ್ವಾಡಾ ಭೋಗಿನಭಾಯಿ ಪ್ರಕರಣದಲ್ಲಿ ವಿವರವಾಗಿ ಹೇಳಿದೆ: ಮನುಷ್ಯನ ನೆನಪು ಛಾಯಾಚಿತ್ರವಲ್ಲ, ಒಬ್ಬೊಬ್ಬರು ಒಂದೊಂದನ್ನು ಗಮನಿಸುತ್ತಾರೆ. ನಾಲ್ವರು ಸಾಕ್ಷಿಗಳು ಅಕ್ಷರ ತಪ್ಪದೆ ಒಂದೇ ಮಾತು ಹೇಳಿದರೆ, ಕಲಿಸಿ ತಂದ ಸಾಕ್ಷಿಗಳೆಂದು ಪಾಟೀಸವಾಲಿಗೆ ಮೊದಲೇ ಅನುಮಾನ ಬರುತ್ತದೆ. ಸ್ತ್ರೀಯರ ಸಾಕ್ಷ್ಯಕ್ಕೆ ಬೆಲೆಯಿಲ್ಲದ ಕಾಲದಲ್ಲಿ ಸ್ತ್ರೀಯರನ್ನೇ ಮೊದಲ ಸಾಕ್ಷಿಗಳೆಂದು ಬರೆದಿರುವುದೂ ಯೋಚಿಸತಕ್ಕದ್ದು; ಕಟ್ಟುಕಥೆ ಹೆಣೆಯುವವನು ಅಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಹಾರ್ವರ್ಡಿನ ಕಾನೂನು ಪ್ರಾಧ್ಯಾಪಕ ಸೈಮನ್ ಗ್ರೀನ್‌ಲೀಫ್ 1846ರಲ್ಲಿ ಇದೇ ಕ್ರಮದಿಂದ ನಾಲ್ಕು ಸುವಾರ್ತೆಗಳನ್ನು ಪರೀಕ್ಷಿಸಿ ಒಂದು ಗ್ರಂಥವನ್ನು ಬರೆದರು. ಓದತಕ್ಕ ಗ್ರಂಥವೇ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಸುವಾರ್ತೆಗಳನ್ನು ಬರೆದವರು ಯಾರು, ಯಾವಾಗ, ಯಾವ ಆಕರಗಳಿಂದ ಎಂದು ಇಂದಿನ ವಿದ್ವಾಂಸರು ಕೇಳುವ ಪ್ರಶ್ನೆಗಳು ಗ್ರೀನ್‌ಲೀಫರ ಪ್ರಶ್ನೆಗಳಿಗಿಂತ ಭಿನ್ನವಾಗಿವೆ. ಎರಡು ಸಾವಿರ ವರ್ಷಗಳ ಹಿಂದಿನ ಸಾಕ್ಷಿಯನ್ನು ನಾವು ಪೆಟ್ಟಿಗೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಲಾರೆವು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ಪುನರುತ್ಥಾನವು ನಡೆಯದಿದ್ದರೆ ತಮ್ಮ ಬೋಧನೆಯೆಲ್ಲ ವ್ಯರ್ಥವೆಂದು ಒಪ್ಪಿಕೊಂಡು, ಸಾಕ್ಷಿಗಳ ಪಟ್ಟಿಯನ್ನು ಕೊಟ್ಟು, ಅವರಲ್ಲಿ ಹಲವರು ಇನ್ನೂ ಬದುಕಿದ್ದಾರೆಂದು ತಿಳಿಸುತ್ತಾನೆ. ಕ್ರಿಸ್ತನು ಶಿಲುಬೆಗೇರಿ ಸುಮಾರು 25 ವರ್ಷಗಳಾಗಿದ್ದಾಗ ಬರೆದ ಪತ್ರಿಕೆಯದು. ಅದನ್ನು ಓದಿದ ವಿವೇಕಿಯು ನಂಬುವುದಕ್ಕೆ ಆಧಾರಗಳಿವೆಯೆಂದು ಕಾಣಬಹುದು. ಒತ್ತಾಯಪಡಿಸುವ ರುಜುವಾತು ಅದಲ್ಲ. ಆ ಅಂತರವನ್ನು ದಾಟುವುದಕ್ಕೇ ನಂಬಿಕೆ ಎಂದು ಹೆಸರು.

ವಿಜ್ಞಾನದ ಹೆಸರಿನಲ್ಲಿ ಬರುವ ಸಂದೇಹಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರೌಢಶಾಲೆಯ ಪುಸ್ತಕದಲ್ಲಿ ಬಟಾಣಿ ಗಿಡಗಳ ಪ್ರಯೋಗದಿಂದ ಅನುವಂಶೀಯತೆಯ ನಿಯಮಗಳನ್ನು ತೋರಿಸಿಕೊಟ್ಟ ಮೆಂಡೆಲ್ ಅಗಸ್ಟೀನನ ಪಂಥದ ಸಂನ್ಯಾಸಿ. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ಸಾಧಿಸಿದ ಲೆಮೇತ್ರ್ ಕ್ಯಾಥೊಲಿಕ್ ಗುರು. ನಿಸರ್ಗದ ವಿಷಯದಲ್ಲಿ ಅರಿಯದೆ ಮಾತನಾಡಿ ಸತ್ಯವೇದವನ್ನು ನಗೆಗೀಡುಮಾಡಬೇಡಿರೆಂದು ಸಂತ ಅಗಸ್ಟೀನನು ಆದಿಕಾಂಡದ ಮೇಲಿನ ವ್ಯಾಖ್ಯಾನದಲ್ಲಿ 1600 ವರ್ಷಗಳ ಹಿಂದೆಯೇ ಎಚ್ಚರಿಸಿದ್ದನು. ವಿಜ್ಞಾನದ ಪಾಠಕ್ಕೆ ಹೆದರುವಂತೆ ಮಗುವನ್ನು ಬೆಳೆಸಿದರೆ ಅದು ಎರಡನ್ನೂ ಕಳೆದುಕೊಳ್ಳುತ್ತದೆ.

ನಿಜವಾಗಿ ಕಠಿಣವಾದವು ಬೇರೆ ಎರಡು. ಒಂದು, ದುಃಖ. ತಾಯಿ ತೀರಿಕೊಂಡಾಗ, ಪ್ರಾರ್ಥಿಸಿದ್ದು ನಡೆಯದಿದ್ದಾಗ ಹುಟ್ಟುವ ಸಂದೇಹಕ್ಕೆ ವಾದದಿಂದ ಉತ್ತರ ಕೊಡಲಾಗದು. ಯೋಬನ ಮೂವರು ಗೆಳೆಯರು ಏಳು ದಿನ ಮೌನವಾಗಿ ಅವನ ಸಂಗಡ ಕುಳಿತಿದ್ದರು. ತಪ್ಪಿದ್ದು ಬಾಯಿ ತೆರೆದ ಮೇಲೆ. ಮದರ್ ತೆರೇಸಾ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವಿಲ್ಲದೆಯೇ ಕಲ್ಕತ್ತೆಯ ಬಡವರ ಸೇವೆ ಮಾಡಿದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಅನುಭವ ಬತ್ತಿದಾಗಲೂ ಕರ್ತವ್ಯವನ್ನು ಬಿಡದಿರುವುದು ಸಾಧ್ಯ ಎಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನ ನಮ್ಮ ಕಾಲದಲ್ಲಿಲ್ಲ.

ಎರಡನೆಯದು, ನಮ್ಮದೇ ನಡತೆ. ಸಭೆಯ ಆಸ್ತಿಗಾಗಿ ದಾವೆ ಹೂಡುವವರು, ಮದುವೆಯ ಮಾತು ಬಂದಾಗ ಹಳೆಯ ಜಾತಿಯನ್ನು ಕೇಳುವವರು, ಭಾನುವಾರ ಒಂದು ಸೋಮವಾರ ಒಂದು ಆಡುವವರು ನಮ್ಮ ಆಸನಗಳಲ್ಲಿಯೇ ಕುಳಿತಿರುತ್ತಾರೆ. ಮಗು ಇದನ್ನೆಲ್ಲ ಕಂಡಿರುತ್ತದೆ. ಬಹಳಷ್ಟು ತರುಣರ ಸಂದೇಹದ ಬೇರು ಗ್ರಂಥದಲ್ಲಿಲ್ಲ, ಹಿರಿಯರ ನಡವಳಿಕೆಯಲ್ಲಿದೆ. ಇದಕ್ಕೆ ಸಮರ್ಥನೆ ಕೊಡದೆ, ತಪ್ಪನ್ನು ತಪ್ಪೆಂದು ಮಗುವಿನ ಮುಂದೆ ಒಪ್ಪಿಕೊಳ್ಳುವುದೇ ಸರಿಯಾದ ಉತ್ತರ.

ಅನ್ಯಧರ್ಮದ ಗೆಳೆಯರನ್ನು ಕಂಡು ಹೆದರಬೇಕಾಗಿಲ್ಲ. ಸೊಲ್ಲಾಪುರದಲ್ಲಿ ಬೆಳೆದ ನಮ್ಮ ಮಕ್ಕಳು ಸಿದ್ಧೇಶ್ವರನ ಜಾತ್ರೆಯನ್ನು ಕಂಡವರು, ಈದಿನ ಸಿಹಿ ತಿಂದವರು. ನೆರೆಯವನ ಭಕ್ತಿಯನ್ನು ಗೌರವಿಸಿದ್ದರಿಂದ ಯಾರ ವಿಶ್ವಾಸವೂ ಸವೆಯುವುದಿಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರಿಸಿರೆಂದೇ ಪೇತ್ರನು ಬೋಧಿಸಿದ್ದು. ಸಂವಿಧಾನದ 25ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕಾನೂನು ಹೊಲಕ್ಕೆ ಬೇಲಿ ಹಾಕಬಲ್ಲದು. ಉತ್ತಿ ಬಿತ್ತುವ ಕೆಲಸ ಮನೆಯವರದು. ಆ ಸ್ವಾತಂತ್ರ್ಯವು ನಮ್ಮ ಮಗಳಿಗೂ ಇದೆ ಎಂಬುದನ್ನು ತಂದೆಯಾದವನು ಮರೆಯಬಾರದು.

ಪತ್ರ ಬರೆದವರು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಮಗಳು ಹೊರಡುವ ಮುನ್ನ ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನು ಮನೆಯವರೆಲ್ಲ ಕುಳಿತು ಒಂದೇ ಸಂಜೆ ಗಟ್ಟಿಯಾಗಿ ಓದಿರಿ. ಎರಡು ಗಂಟೆಗಳ ಕೆಲಸ. ಬಿಡಿಬಿಡಿ ವಚನಗಳನ್ನು ಕೇಳಿ ಬೆಳೆದ ಮಗುವಿಗೆ ಇಡೀ ವೃತ್ತಾಂತವು ಮೊದಲ ಸಲ ಕಣ್ಣಿಗೆ ಕಟ್ಟುತ್ತದೆ. ಕನ್ನಡದಲ್ಲಿಯೇ ಓದಿರಿ. ಬಳ್ಳಾರಿಯಲ್ಲಿ 1831ರಲ್ಲಿಯೇ ಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿತ್ತು. ಕಾಲೇಜಿನಲ್ಲಿ ವಾದವು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ನಡೆದೀತು. ರಾತ್ರಿ ಒಬ್ಬಳೇ ಇರುವಾಗ ಅವಳು ಪ್ರಾರ್ಥಿಸುವುದು ತಾಯ್ನುಡಿಯಲ್ಲಿ.

ಅವಳಿಗೊಂದು ನೋಟುಪುಸ್ತಕ ಕೊಡಿರಿ. ಉತ್ತರ ತಿಳಿಯದ ಪ್ರಶ್ನೆಗಳನ್ನು ತಾರೀಖು ಹಾಕಿ ಅದರಲ್ಲಿ ಬರೆದಿಡಲಿ. ಬರೆದಿಟ್ಟ ಪ್ರಶ್ನೆ ತಲೆಯೊಳಗೆ ಸುತ್ತುವ ಪ್ರಶ್ನೆಯಷ್ಟು ಕಾಡುವುದಿಲ್ಲ; ಆರು ತಿಂಗಳ ನಂತರ ನೋಡಿದರೆ ಕೆಲವಕ್ಕೆ ಉತ್ತರ ದೊರೆತಿರುತ್ತದೆ, ಕೆಲವು ಪ್ರಶ್ನೆಯಾಗಿಯೇ ಉಳಿದಿರುತ್ತವೆ. ಉಳಿದವುಗಳ ಜೊತೆಗೆ ಬಾಳುವುದನ್ನು ಕಲಿಯುವುದೂ ವಿದ್ಯೆಯೇ. ಪರೀಕ್ಷೆಯಲ್ಲಿ ಸೋತ ದಿನ, ಜ್ವರ ಬಂದ ದಿನ, ನಿದ್ದೆಗೆಟ್ಟ ರಾತ್ರಿ ದೇವರಿದ್ದಾನೋ ಇಲ್ಲವೋ ಎಂಬ ತೀರ್ಪು ಬರೆಯಬಾರದೆಂದು ತಿಳಿಸಿರಿ. ಯಾವ ನ್ಯಾಯಾಧೀಶರೂ ಹಾಗೆ ತೀರ್ಪು ಬರೆಯುವುದಿಲ್ಲ.

ಪುಣೆಯಲ್ಲಿ ಒಂದು ಸಭೆಯನ್ನೂ, ನಂಬಿಕೆಗೆ ಅರ್ಹರಾದ ಒಬ್ಬ ಹಿರಿಯರನ್ನೂ ಮೊದಲೇ ಗೊತ್ತುಮಾಡಿಕೊಡಿರಿ. ಆ ಹಿರಿಯರಿಗೆ ಎಲ್ಲ ಉತ್ತರಗಳು ತಿಳಿದಿರಬೇಕಾಗಿಲ್ಲ. ನನಗೆ ತಿಳಿಯದು ಎಂದು ಹೇಳುವ ಧೈರ್ಯವಿದ್ದರೆ ಸಾಕು.

ಕೊನೆಯದಾಗಿ, ಅವಳಿಗೆ ಒಂದು ಮಾತು ಕೊಡಿರಿ. ಯಾವ ಸಂದೇಹ ಬಂದರೂ ಮನೆಗೆ ಬಂದು ಹೇಳಬಹುದು, ಹೇಳಿದ್ದಕ್ಕೆ ತಾಯಿಯ ಕಣ್ಣೀರಾಗಲಿ ತಂದೆಯ ಕೋಪವಾಗಲಿ ಶಿಕ್ಷೆಯಾಗಿ ಬರುವುದಿಲ್ಲ ಎಂದು. ಈ ಮಾತನ್ನು ಕೊಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಅವಳು ಒಂದು ದಿನ ರೈಲಿಳಿದು ಮನೆಗೆ ಬಂದು, ಅಪ್ಪಾ, ನನಗೀಗ ನಂಬಲಾಗುತ್ತಿಲ್ಲ ಎಂದರೆ ನೀವು ಏನು ಮಾಡುವಿರಿ? ಮಗಳಿಗಿಂತ ಮೊದಲು ಸಿದ್ಧವಾಗಬೇಕಾದುದು ಆ ಕ್ಷಣಕ್ಕೆ ನಿಮ್ಮ ಮನಸ್ಸು. ತೋಮನಿಗೆ ಎಂಟು ದಿನ ಬೇಕಾಯಿತು, ರಮಾಬಾಯಿಯವರಿಗೆ ಎಂಟು ವರ್ಷ. ನಿಮ್ಮ ಮಗಳಿಗೆ ಎಷ್ಟು ಕಾಲ ಬೇಕಾಗುತ್ತದೆಂದು ಯಾರೂ ಹೇಳಲಾರರು. ಅಲ್ಲಿಯವರೆಗೂ ಊಟದ ಹೊತ್ತಿಗೆ ಅವಳ ತಟ್ಟೆ ಎಂದಿನ ಜಾಗದಲ್ಲಿಯೇ ಇರಲಿ, ಮನೆಯ ಪ್ರಾರ್ಥನೆಯಲ್ಲಿ ಅವಳ ಚಾಪೆಯೂ ಹಾಸಿರಲಿ.